ಯಾರಿಗಾಗಿ ನಿಧಾನ

ಅವನು ಬರೆದು ತಂದಿದ್ದ ಮೊದಲ ಪಾಠದ ಮೊದಲ ಸಾಲು ಹೀಗಿತ್ತು: “ಪರದೆಯ ಎಡಗಡೆ ಮೂಲೆಯಲ್ಲಿ ಕಾಣುವ ನೀಲಿ ಗುರುತಿನ ಮೇಲೆ ಕ್ಲಿಕ್ ಮಾಡಿ.”

ಅದನ್ನು ಅವನೇ ನಮ್ಮ ತರಗತಿಯಲ್ಲಿ ನಿಂತು ಗಟ್ಟಿಯಾಗಿ ಓದಿದ. ಆ ಕೋಣೆಯಲ್ಲಿ ಕಣ್ಣು ಕಾಣುತ್ತಿದ್ದವನು ಅವನೊಬ್ಬನೇ. ಹಿಂದಿನ ಬೆಂಚಿನಿಂದ ಟೈಲರಜ್ಜ, “ನೀಲಿ ಅಂದ್ರೆ ತಿಳಿನೀಲೀನೋ ಕಡುನೀಲೀನೋ, ಸ್ವಲ್ಪ ಬಿಡಿಸಿ ಹೇಳಿ ಸ್ವಾಮಿ,” ಎಂದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದ ಮೇಲೂ ಅವರ ನಾಲಿಗೆಗೆ ಏನೂ ಆಗಿರಲಿಲ್ಲ. ತರಗತಿ ಬಿದ್ದು ಬಿದ್ದು ನಕ್ಕಿತು.

ನಾನು ನಗಲಿಲ್ಲ. ನನಗೆ ರೇಗಿತ್ತು. ಕಣ್ಣು ಕಳೆದುಕೊಂಡವರಿಗೆ ಕಂಪ್ಯೂಟರ್ ಕಲಿಸುವ ಕೇಂದ್ರ ನಮ್ಮದು. ಅಲ್ಲಿ ನಾನು ಟೀಚರ್. ನಮ್ಮ ಕೆಲಸವೆಲ್ಲ ನಡೆಯುವುದು ಮಾತಾಡುವ ಎಡಿಟರಿನಲ್ಲಿ. ಒಂದು ಕೀ ಒತ್ತಿದರೆ ಅದು ಆ ಅಕ್ಷರ ಹೇಳುತ್ತದೆ, ಒಂದು ಸಾಲು ಕೆಳಗಿಳಿದರೆ ಆ ಸಾಲು ಓದುತ್ತದೆ. ಅಭ್ಯಾಸವಾದವರಿಗೆ ಅದರಷ್ಟು ಒಳ್ಳೆಯ ಜೊತೆಗಾರ ಬೇರೆಯಿಲ್ಲ. ಆದರೆ ಹೊಸಬರಿಗೆಂದು ಇದ್ದ ಪಾಠಗಳನ್ನೆಲ್ಲ ಬಲ್ಲವರು ಬಲ್ಲವರಿಗಾಗಿಯೇ ಬರೆದಿದ್ದರು. ಅದಕ್ಕೇ ಕೇಂದ್ರದ ದೊಡ್ಡ ಮೇಡಂ ಇವನನ್ನು ಕರೆಸಿದ್ದರು. ಇವನು ಬರೆಯಬೇಕು, ನಾನು ತಿದ್ದಬೇಕು, ಕೊನೆಗೆ ನನ್ನ ದನಿಯಲ್ಲಿ ಅದನ್ನು ರೆಕಾರ್ಡ್ ಮಾಡಬೇಕು ಎಂದು ಏರ್ಪಾಡು.

“ಇದಕ್ಕೆ ಮುಂಚೆ ಏನು ಬರೀತಿದ್ರಿ?” ಎಂದು ಕೇಳಿದೆ.

“ಮಿಕ್ಸಿ ಜೊತೆ ಬರುತ್ತಲ್ಲ, ಪುಸ್ತಕ. ಅದು. ಇಸ್ತ್ರಿಪೆಟ್ಟಿಗೇದು, ಗೀಸರಿಂದೂ ಬರೆದಿದ್ದೀನಿ.”

“ಅದನ್ನ ಯಾರಾದ್ರೂ ಓದ್ತಾರಾ?”

“ಮಿಕ್ಸಿ ಕೆಟ್ಟಾಗ ಹುಡುಕ್ತಾರೆ. ಅಷ್ಟೊತ್ತಿಗೆ ರದ್ದಿಗೆ ಹಾಕಿರ್ತಾರೆ.”

ತಗ್ಗಿದ, ಒರಟು ದನಿ, ಆದರೆ ಎಲ್ಲೂ ಅವಸರವಿಲ್ಲ. ಆಗ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. ಅವತ್ತಿನಿಂದ ಅವನು ನಮ್ಮೆಲ್ಲರಿಗೆ ‘ಮಿಕ್ಸಿಯವರು’ ಆದ. ಎದುರಿಗೆ ‘ನೀವು’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಮೊದಲ ದಿನದಿಂದಲೇ ‘ಅವನು’.

ಮಾರನೆಯ ದಿನ ಅವನ ಮಾನಿಟರಿನ ಮೇಲೆ ಒಂದು ಟವೆಲ್ ಹೊದಿಸಿದೆ.

“ಹೀಗೆ ಮಾಡಿದ್ರೆ ನಾನು ಹೇಗೆ ಬರೀಲಿ?” ಎಂದ.

“ನಾವು ಬರೆಯೋ ಹಾಗೆ. ಅಲ್ಲಿ ಇಣುಕಬೇಡಿ, ಟವೆಲ್ ಸರಿಸಿದ್ರೆ ನನಗೆ ಕೇಳಿಸುತ್ತೆ.”

“ಟವೆಲ್ ಸದ್ದು ಕೂಡ ಕೇಳಿಸುತ್ತಾ ನಿಮಗೆ?”

“ನೀವು ಉಗುಳು ನುಂಗಿದ್ದೂ ಕೇಳಿಸ್ತು,” ಎಂದೆ. ಆಗ ಅದು ಸುಳ್ಳಾಗಿರಲಿಲ್ಲ.

ಮೊದಲ ಪಾಠ ಯಾವುದಿರಬೇಕೆಂದು ಕೇಳಿದ. ಬಾಯಿ ಮುಚ್ಚಿಸುವುದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಹೊಸಬರು ಮೊದಲ ದಿನ ಹೆದರುವುದೇ ಯಂತ್ರ ಬಡಬಡ ಮಾತಾಡತೊಡಗಿದಾಗ. ಅದನ್ನು ನಿಲ್ಲಿಸುವ ಕೀ ಯಾವುದೆಂದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಎರಡನೆಯದು, ನಾನು ಎಲ್ಲಿದ್ದೇನೆ ಎಂದು ಅದನ್ನೇ ಕೇಳುವುದು. ಬರೆಯುವುದೆಲ್ಲ ಆಮೇಲೆ.

ನನ್ನ ಎಡಿಟರ್ ಮಾತಾಡುವ ವೇಗ ಕೇಳಿ ಅವನು ಕುರ್ಚಿ ಹಿಂದೆ ತಳ್ಳಿದ. “ಇದು ಯಾವ ಭಾಷೆ?”

“ನಮ್ಮದೇ ಭಾಷೆ. ನಿಮ್ಮ ಕಿವಿ ಎಳೇದು, ಅಷ್ಟೇ.”

“ತಗಡಿನ ಮೇಲೆ ಕಾಳು ಸುರಿದ ಹಾಗಿದೆ.”

“ಅದರಲ್ಲಿ ಒಂದೊಂದು ಕಾಳೂ ನನಗೆ ಬೇರೆ ಬೇರೆ.” ಹಾಗೆ ಹೇಳುವಾಗ ನನಗೆ ಕೋಡು ಮೂಡಿತ್ತು. ಮೂಡದೆ ಏನು, ನನ್ನ ಬದುಕಿನಲ್ಲಿ ನಾನು ಓಡುತ್ತಿದ್ದ ಜಾಗ ಅದೊಂದೇ.

ಕಣ್ಣಿಲ್ಲದವರಿಗೆ ನೋಟ ತಿಳಿಯುವುದಿಲ್ಲವೆಂದು ಕಣ್ಣಿದ್ದವರು ಧೈರ್ಯವಾಗಿರುತ್ತಾರೆ. ಅವನೂ ಹಾಗೇ ಇದ್ದ. ಆದರೆ ಅವನು ಒತ್ತಿದ ಅಕ್ಷರವನ್ನೆಲ್ಲ ಎಡಿಟರ್ ಹೇಳುತ್ತಿತ್ತಲ್ಲ? ಒಂದು ಪದದ ನಡುವೆ ಅದು ಸುಮ್ಮನಾದರೆ ಅವನು ನನ್ನನ್ನು ನೋಡುತ್ತಿದ್ದಾನೆ ಎಂದೇ ಅರ್ಥ.

“ಪದ ಅರ್ಧಕ್ಕೆ ನಿಂತಿದೆ,” ಎನ್ನುತ್ತಿದ್ದೆ.

“ಯೋಚನೆ ಮಾಡ್ತಿದ್ದೆ.”

“ಯೋಚನೆ ಮಾಡುವಾಗ ನಿಮ್ಮ ಕುರ್ಚಿ ನನ್ನ ಕಡೆ ತಿರುಗುತ್ತಾ?”

ಕುರ್ಚಿ ಕಿರ್ರೆಂದು ಮೊದಲಿನ ಜಾಗಕ್ಕೆ ಹೋಗುತ್ತಿತ್ತು. ಉಳಿದ ಅಕ್ಷರಗಳು ಒಂದರ ಹಿಂದೊಂದು ತಪ್ಪಾಗಿ ಬೀಳುತ್ತಿದ್ದವು. ಅವನು ಅಳಿಸುತ್ತಿದ್ದ, ಅಳಿಸಿದ್ದನ್ನೂ ಯಂತ್ರ ಹೇಳುತ್ತಿತ್ತು. ಆ ಯಂತ್ರಕ್ಕೆ ಗುಟ್ಟು ಎನ್ನುವುದೇ ಗೊತ್ತಿಲ್ಲ. ನನಗೆ ಒಳಗೊಳಗೇ ಹಿಗ್ಗು. ನನ್ನನ್ನು ಯಾರೋ ಕೆಲಸ ಬಿಟ್ಟು ನೋಡುತ್ತಿದ್ದಾರೆ ಎನ್ನುವ ಹಿಗ್ಗು.

ಅದೇ ಕಾಲಕ್ಕೆ ಟಿಂಗ್ ನಿಂತುಹೋಯಿತು.

ಫೈಲ್ ಸೇವ್ ಆದಾಗ ನಮ್ಮ ಎಡಿಟರ್ ಸಣ್ಣ ಗಂಟೆ ಬಾರಿಸಿದಂತೆ ಟಿಂಗ್ ಎನ್ನುತ್ತದೆ. ಒಂದು ಬೆಳಿಗ್ಗೆ ಸೇವ್ ಮಾಡಿದರೆ ಸದ್ದಿಲ್ಲ. ಮತ್ತೆ ಮಾಡಿದೆ. ಮತ್ತೊಮ್ಮೆ. ಸೌಂಡ್ ಹಾಳಾಗಿದೆ, ಯಾರು ಏನು ಒತ್ತಿ ಕೆಡಿಸಿದ್ರಿ ಎಂದು ತರಗತಿಯ ಮೇಲೆ ಹರಿಹಾಯ್ದೆ.

“ಟಿಂಗ್ ಅಂತಿದೆಯಲ್ಲ ತಾಯಿ,” ಎಂದರು ಟೈಲರಜ್ಜ. “ಆಗಿಂದ ಟಿಂಗ್ ಟಿಂಗ್ ಅಂತ ಹೊಡ್ಕೋತಾನೇ ಇದೆ.”

“ಓ, ನನ್ನ ಹೆಡ್‌ಫೋನ್ ವೈರ್ ಸಡಿಲ,” ಎಂದು ಮಾತು ತೇಲಿಸಿದೆ.

ಅಕ್ಕನ ಜೊತೆ ಡಾಕ್ಟರ ಹತ್ತಿರ ಹೋದೆ. ಅಕ್ಕ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ನಾವಿಬ್ಬರೇ ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿರುವುದು. ಡಾಕ್ಟರು ಒಳ್ಳೆಯವರು, ಸುತ್ತಿ ಬಳಸಿ ಹೇಳಲಿಲ್ಲ. ಕಣ್ಣು ತೆಗೆದ ಕಾಯಿಲೆಯೇ ಕಿವಿಗೂ ಕೈ ಹಾಕಿದೆ. ಮೊದಲು ಸಣ್ಣ, ಚೂಪು ಸದ್ದುಗಳು ಹೋಗುತ್ತವೆ, ಆಮೇಲೆ ಮಾತು. ಕಿವಿಗೆ ಮಿಷನ್ ಹಾಕಿದರೆ ಕೆಲಕಾಲ ತಳ್ಳಬಹುದು. ಪೂರ್ತಿ ಹೋಗುತ್ತದೆಯೇ ಎಂದು ಅಕ್ಕ ಕೇಳಿದಳು. ಹೋಗುತ್ತದೆ, ಯಾವಾಗ ಎಂದು ಮಾತ್ರ ಹೇಳಲಾರೆ ಎಂದರು.

ಈ ಕಾಯಿಲೆಯ ನಡಿಗೆ ನನಗೆ ಗೊತ್ತು. ಶಾಲೆಯಲ್ಲಿದ್ದಾಗ ಮೊದಲು ಸಂಜೆಗಳನ್ನು ತೆಗೆದುಕೊಂಡಿತು, ಆಮೇಲೆ ಅಕ್ಕಪಕ್ಕದಲ್ಲಿದ್ದವರನ್ನು, ಕೊನೆಗೆ ಎದುರಿಗಿದ್ದವರನ್ನು. ಅದಕ್ಕೆ ಅವಸರವಿಲ್ಲ. ಬಂದ ಕೆಲಸ ಮಾತ್ರ ಬಿಟ್ಟುಹೋಗುವುದಿಲ್ಲ.

ಕಣ್ಣು ಹೋದಾಗ ಎಲ್ಲರೂ ಕಿವಿ ಇದೆಯಲ್ಲ ಎಂದು ಸಮಾಧಾನ ಮಾಡಿದ್ದರು. ಈಗ ಹೇಳಲು ಅವರ ಹತ್ತಿರ ಏನೂ ಉಳಿದಿರಲಿಲ್ಲ.

ಕಿವಿಯ ಮಿಷನ್ ತಂದು ಡ್ರಾದಲ್ಲಿ ಇಟ್ಟೆ. ಹಾಕಿಕೊಂಡರೆ ಅವನು ನೋಡುತ್ತಾನೆ. ಅದರ ಬದಲು ಎಡಿಟರಿನ ದನಿಯನ್ನು ಒಂದು ಮೆಟ್ಟಿಲು ನಿಧಾನ ಮಾಡಿದೆ. ಮುಂದಿನ ವಾರ ಇನ್ನೊಂದು ಮೆಟ್ಟಿಲು. ಕೆಲವೇ ವಾರಗಳಲ್ಲಿ ಅದು ಹೊಸಬರ ವೇಗಕ್ಕೆ ಇಳಿಯಿತು. ನನ್ನ ಪಾಲಿಗೆ ಅದು ಮಂಡಿಯಲ್ಲಿ ತೆವಳಿದ ಹಾಗೆ.

ಅವನು ಗಮನಿಸಿದ. ಅವನ ಟೈಪಿಂಗ್ ನಿಂತಿತು.

“ಈಗ ನಂಗೂ ಪೂರ್ತಿ ಅರ್ಥ ಆಗ್ತಿದೆ,” ಎಂದ. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, “ನನಗೋಸ್ಕರ ನಿಧಾನ ಮಾಡಿದ್ರಾ?” ಎಂದ.

ಆ ಪ್ರಶ್ನೆಯಲ್ಲಿ ಎಷ್ಟು ಆಸೆಯಿತ್ತೆಂದರೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

“ಹ್ಞೂಂ,” ಎಂದೆ.

“ಥ್ಯಾಂಕ್ಸ್,” ಎಂದ. ಅವತ್ತು ಸಂಜೆಯವರೆಗೆ ಅವನ ಅಕ್ಷರಗಳೆಲ್ಲ ತಪ್ಪು ತಪ್ಪಾಗಿ ಬಿದ್ದವು.

ಆಮೇಲಿನ ದಿನಗಳು ನನ್ನ ಬದುಕಿನ ಅತಿ ಚೆಂದದ ದಿನಗಳು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಸಂಜೆ ಅವನ ಮೊಣಕೈ ಹಿಡಿದು ಬಸ್ ಸ್ಟಾಪಿನವರೆಗೆ ನಡೆಯುತ್ತಿದ್ದೆ. ಅವನು ಸೂರ್ಯಾಸ್ತ ವರ್ಣಿಸುವ ಜಾತಿಯವನಲ್ಲ. “ಮುಂದೆ ಗುಂಡಿ ಇದೆ” ಎನ್ನುತ್ತಿದ್ದ, “ಗುಂಡಿ ಮುಗೀತು” ಎನ್ನುತ್ತಿದ್ದ, ಅಷ್ಟೇ. ಅವನದು ಚೂಪಿಲ್ಲದ ತಗ್ಗು ದನಿಯಾದ್ದರಿಂದ ನನಗೆ ಅದು ಇನ್ನೂ ಪೂರ್ತಿ ಸಿಗುತ್ತಿತ್ತು. ತರಗತಿಯ ಹೆಣ್ಣುಮಕ್ಕಳ ದನಿ ಮಾತ್ರ ಅಂಚು ಸವೆದ ನಾಣ್ಯದ ಹಾಗೆ ನುಣುಪಾಗುತ್ತಿತ್ತು.

ಪಾಠಗಳು ಒಂದೊಂದಾಗಿ ಮುಗಿಯುತ್ತಿದ್ದವು. ನನ್ನ ದನಿ ರೆಕಾರ್ಡ್ ಆಗುತ್ತಿತ್ತು. “ಹೆದರಬೇಡಿ, ಅದು ಮಾತಾಡಲಿ. ನಿಮಗೆ ಬೇಡವಾದಾಗ ನಿಲ್ಲಿಸುವುದು ನಿಮ್ಮ ಕೈಯಲ್ಲೇ ಇದೆ,” ಎಂದು ಮೈಕಿನಲ್ಲಿ ಹೇಳಿ ಮುಂದಿನ ಸಾಲಿಗೆ ಹೋಗದೆ ನಿಂತುಬಿಟ್ಟೆ. ಅವನು ರೆಕಾರ್ಡಿಂಗ್ ನಿಲ್ಲಿಸಿ ನೀರು ಕೊಟ್ಟ. ಗಂಟಲು ಒಣಗಿದೆ ಎಂದುಕೊಂಡ.

“ಅವರಿಗೆ ಹೇಳಿಬಿಡೇ,” ಎಂದು ಅಕ್ಕ ದಿನಾ ಹೇಳುತ್ತಿದ್ದಳು. “ನಾಳೆ ಅವರಾಗೇ ಕಂಡುಹಿಡಿದ್ರೆ ಆಗೇನು ಮಾಡ್ತೀಯ?”

“ಇನ್ನೊಂದು ಸ್ವಲ್ಪ ದಿನ.”

“ಯಾಕೆ?”

“ಹೇಳಿದ ಮೇಲೆ ಅವನು ಬೇರೆ ಥರ ಮಾತಾಡ್ತಾನೆ ಅಕ್ಕಾ. ದೊಡ್ಡ ದನೀಲಿ, ಬಿಡಿಸಿ ಬಿಡಿಸಿ, ಕಾಯಿಲೆಯವರ ಹತ್ರ ಮಾತಾಡೋ ಥರ. ನಂಗೆ ಈಗ ಮಾತಾಡ್ತಿರೋ ಥರಾನೇ ಬೇಕು. ಕೇಳಿಸೋವರೆಗೂ ಅದೇ ಬೇಕು.”

ಅಕ್ಕ ಮುಂದೆ ಏನೋ ಹೇಳಿದಳು. ಅದು ನನಗೆ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದು ಅವಳಿಗೆ ಗೊತ್ತಾಯಿತು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು.

ಕೊನೆಯ ಪಾಠದ ದಿನ ಅವನು ಬೇಗ ಬಂದಿದ್ದ.

“ಇವತ್ತು ಒಂದು ಪರೀಕ್ಷೆ ಇದೆ,” ಎಂದ.

“ಯಾರಿಗೆ?”

“ನಂಗೆ. ನೀವು ನನಗೋಸ್ಕರ ಇಷ್ಟು ದಿನ ಕುಂಟ್ಕೊಂಡು ನಡೆದ್ರಿ. ನಂಗೇ ಬೇಜಾರಾಗ್ತಿತ್ತು. ದಿನಾ ಬಸ್ಸಲ್ಲಿ ಹೆಡ್‌ಫೋನ್ ಹಾಕ್ಕೊಂಡು ನಿಮ್ಮ ಪಾಠದ ಪ್ರಕಾರಾನೇ ಅಭ್ಯಾಸ ಮಾಡ್ದೆ. ವಾರಕ್ಕೆ ಸ್ವಲ್ಪ ಸ್ವಲ್ಪ ಸ್ಪೀಡ್ ಜಾಸ್ತಿ ಮಾಡ್ಕೊಂಡು. ಎಷ್ಟು ಸಲ ಸ್ಟಾಪ್ ತಪ್ಪಿ ಮುಂದೆ ಹೋಗಿದ್ದೀನಿ ಗೊತ್ತಾ? ಈಗ ನಿಮ್ಮ ಹಳೇ ವೇಗ ನಂಗೆ ಬರುತ್ತೆ. ಇನ್ಮೇಲೆ ನೀವು ನಿಲ್ಲೋದು ಬೇಡ.”

ಬೇಡ ಎನ್ನುವಷ್ಟರಲ್ಲಿ ಅವನು ವೇಗ ಏರಿಸಿ ಟೈಲರಜ್ಜ ಬರೆದಿಟ್ಟಿದ್ದ ಫೈಲೊಂದನ್ನು ತೆರೆದ. ಯಂತ್ರ ಸುರಿಯತೊಡಗಿತು. ಎಷ್ಟೋ ವರ್ಷ ನನ್ನ ಮಾತೃಭಾಷೆಗಿಂತ ಹತ್ತಿರವಾಗಿದ್ದ ಆ ವೇಗ ಈಗ ಗೋಡೆಯಾಚೆಯ ನೀರಿನ ಪಂಪಿನಂತೆ ಬರೀ ಗುಂಯ್ ಎಂದಿತು. ಅದರಲ್ಲಿ ಒಂದು ಪದವನ್ನು ಹಿಡಿಯಲು ಉಸಿರು ಕಟ್ಟಿ ಕುಳಿತೆ. ಒಂದೂ ಸಿಗಲಿಲ್ಲ.

ಅವನು ಕೇಳುತ್ತಾ ಅದನ್ನು ಜೋರಾಗಿ ಹೇಳುತ್ತಾ ಹೋದ. “ಕಾಲರಿಗೆ ಬಟ್ಟೆ ಅಡ್ಡ ಕತ್ತರಿಸಬಾರದು. ಒಳಗಡೆ ಗಟ್ಟಿ ಬಟ್ಟೆ ಇಡಬೇಕು. ಆಮೇಲೆ ಕಾಲರನ್ನ ಬೆಲ್ಲದ ನೀರಲ್ಲಿ ನೆನೆಸಿ ಒಣಗಿಸಬೇಕು.” ಯಂತ್ರ ನಿಂತಿತು. ಅವನ ದನಿಯಲ್ಲಿ ನಗು ತುಂಬಿತ್ತು. “ಸರೀನಾ, ಟೀಚರ್?”

“ಸರಿ,” ಎಂದೆ. “ಎಲ್ಲಾ ಸರಿ.”

“ಬೆಲ್ಲದ ನೀರೂ ಸರೀನಾ?”

ಕೀಟಲೆಗೆಂದು ಫೈಲಿನಲ್ಲಿಲ್ಲದ ಒಂದು ಸಾಲನ್ನು ಅವನೇ ಸೇರಿಸಿ ಹೇಳಿದ್ದ. ನನ್ನಿಂದ ಬೈಸಿಕೊಳ್ಳುವ ಆಸೆ. ಅವನ ಬಾಯಿಂದ ಬಂದ ಬೆಲ್ಲದ ನೀರು ನನಗೆ ಸರಿಯಾಗಿಯೇ ಕೇಳಿಸಿತ್ತು. ಆದರೆ ಯಂತ್ರ ಹಾಗೆ ಹೇಳಿಲ್ಲವೆಂದು ನನಗೆ ಹೇಗೆ ಗೊತ್ತಾಗಬೇಕು? ಅಜ್ಜ ತಮಾಷೆಗೆ ಏನು ಬೇಕಾದರೂ ಬರೆಯುವವರು.

ಅವನು ನಗುವುದನ್ನು ನಿಲ್ಲಿಸಿದ. ಫೈಲಿನ ಕೊನೆಯ ಸಾಲನ್ನು ಮತ್ತೆ ಅದೇ ವೇಗದಲ್ಲಿ ಓದಿಸಿ, ಈಗ ಏನು ಹೇಳಿತೆಂದು ಕೇಳಿದ. ನಾನು ಕೈ ಚಾಚಿ ವೇಗ ಇಳಿಸುವ ಕೀ ಒತ್ತಿದೆ.

“ಯಾವಾಗಿಂದ?” ಎಂದ.

“ಟಿಂಗ್ ನಿಂತಾಗಿಂದ.”

“ಹಾಗಾದ್ರೆ ನಿಧಾನ ಮಾಡಿದ್ದು…”

“ನಿಮಗೋಸ್ಕರ ಅಲ್ಲ.”

ಅವನು ಎದ್ದ. ಏನೋ ಹೇಳಿಯೂ ಇರಬಹುದು, ಬಾಗಿಲ ಕಡೆ ತಿರುಗಿ ಹೇಳಿದ್ದರೆ ಅದು ನನಗೆ ತಲುಪಿಲ್ಲ. ಮುಂಚೆ ಅವನ ಹೆಜ್ಜೆಯನ್ನು ಕೆಳಗಿನ ಗೇಟಿನವರೆಗೂ ಹಿಂಬಾಲಿಸುತ್ತಿದ್ದೆ. ಅವತ್ತು ಮೆಟ್ಟಿಲ ತಿರುವಿನಲ್ಲೇ ಅದು ಕಳೆದುಹೋಯಿತು.

ಇನ್ನು ಮುಚ್ಚಿಡುವುದು ಯಾರಿಗಾಗಿ ಎಂದುಕೊಂಡು ದೊಡ್ಡ ಮೇಡಂಗೂ ಹೇಳಿದೆ. ಅವರು ನನ್ನ ಬೆನ್ನು ಸವರಿ ಸದ್ಯಕ್ಕೆ ರಜೆ ತಗೊಳ್ಳಿ ಎಂದರು. ಆ ಸದ್ಯಕ್ಕೆ ಎಂಬ ಮಾತನ್ನು ಬಹಳ ಮೆತ್ತಗೆ ಹೇಳಿದರು.

ಮನೆಯಲ್ಲಿ ಕುಳಿತೆ. ಯಾರ ಮಾತು ಕೇಳಲೆಂದು ಕಿವಿಯ ಮಿಷನ್ನನ್ನು ಡ್ರಾದಿಂದ ತೆಗೆಯಲೂ ಇಲ್ಲ. ಫ್ಯಾನಿನ ಸದ್ದು, ಬೀದಿಯ ಸದ್ದು, ಪಕ್ಕದ ಮನೆಯ ಟೀವಿ ಎಲ್ಲವೂ ಒಂದೇ ಕಂಬಳಿಯೊಳಗೆ ಸುತ್ತಿಟ್ಟಂತಿದ್ದವು. ಅವನು ಬರಲಿಲ್ಲ. ಬರುವುದಿಲ್ಲ ಎಂದುಕೊಂಡೆ. ಬರುವುದಾದರೂ ಯಾಕೆ ಬರಬೇಕು? ಮಾತೇ ತಲುಪದ ಹೆಂಡತಿಯನ್ನು ಕಟ್ಟಿಕೊಂಡು ಒಬ್ಬ ಮನುಷ್ಯ ಏನು ಮಾಡಬೇಕು? ಹಾಗೆಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಬುದ್ಧಿ ಕೇಳಿತು, ಮನಸ್ಸು ಕೇಳಲಿಲ್ಲ.

ಒಂದು ಮಧ್ಯಾಹ್ನ ಮಂಚದ ಮೇಲಿದ್ದಾಗ ನೆಲ ಅದುರಿದ್ದು ಗೊತ್ತಾಯಿತು. ಇಬ್ಬರ ಹೆಜ್ಜೆ. ಅಕ್ಕ ನನ್ನ ಭುಜ ಮುಟ್ಟಿ ಕಿವಿಯ ಹತ್ತಿರ ಬಾಗಿದಳು.

“ನಿಮ್ಮ ಮಿಕ್ಸಿಯವರು ಬಾಗಿಲಲ್ಲಿ ನಿಂತು ಬೆಲ್ ಹೊಡೆದೂ ಹೊಡೆದೂ ಸಾಕಾಗಿ ನನ್ನ ಅಂಗಡಿಗೆ ಬಂದ್ರು. ಕರ್ಕೊಂಡು ಬಂದೆ. ಅಂಗಡೀಲಿ ಯಾರೂ ಇಲ್ಲ, ನಾನು ಹೋಗ್ಬೇಕು. ಜಗಳ ಆಡೋದಿದ್ರೆ ಹೊಟ್ಟೆ ತುಂಬ ಆಡಿ, ಆದ್ರೆ ಮಾತಾಡದೆ ಕೂರ್ಬೇಡಿ.”

ಅವಳು ಹೋದ ಮೇಲೆ ಅವನು ನನ್ನ ಬಲಗಡೆ ಕುಳಿತ. ಯಾವ ಕಿವಿ ಸ್ವಲ್ಪ ವಾಸಿ ಎಂದು ಅಕ್ಕ ಹೇಳಿರಬೇಕು.

“ನನ್ನ ಚೆನ್ನಾಗಿ ಮಂಗ ಮಾಡಿದ್ರಿ,” ಎಂದ. ದನಿ ಗಡುಸಾಗಿತ್ತು. “ಬಸ್ಸಲ್ಲಿ ಕೂತು ನಾನು ಖುಷಿ ಪಟ್ಟಿದ್ದೇನು, ನಿಮ್ಮ ಸಮಕ್ಕೆ ಬರ್ತಿದ್ದೀನಿ ಅಂದ್ಕೊಂಡಿದ್ದೇನು. ಅಷ್ಟು ದಿನ ನೀವು ಒಬ್ರೇ ಇದನ್ನ ಹೊತ್ಕೊಂಡು ಓಡಾಡಿದ್ರಿ. ನನ್ನನ್ನ ನೀವು ಏನು ಅಂದ್ಕೊಂಡಿದ್ದೀರಿ?”

ಅವನು ಬೈಯುವುದು ನನಗೆ ಹಿತವಾಗಿತ್ತು. ಕಾಯಿಲೆಯವರನ್ನು ಯಾರೂ ಹೀಗೆ ಬೈಯುವುದಿಲ್ಲ.

“ಇಷ್ಟು ದಿನ ಯಾಕೆ ಬರ್ಲಿಲ್ಲ?” ಎಂದೆ.

“ಭಯ ಆಯ್ತು,” ಎಂದ. “ಸುಳ್ಳು ಹೇಳಲ್ಲ. ಇಲ್ಲಿಗೆ ಬರೋಕೆ ಅಂತ ಹೊರಟು ಅರ್ಧ ದಾರಿಯಿಂದ ವಾಪಸ್ ಹೋಗಿದ್ದೀನಿ. ಈಗಲೂ ಭಯ ಇದೆ.”

“ಒಂದು ದಿನ ನೀವು ಮಾತಾಡಿದ್ದು ಒಂದೂ ನಂಗೆ ಕೇಳಿಸಲ್ಲ. ನೀವು ಕೋಣೆಗೆ ಬಂದ್ರೂ ಗೊತ್ತಾಗಲ್ಲ, ಎದ್ದು ಹೋದ್ರೂ ಗೊತ್ತಾಗಲ್ಲ.”

“ಹೋಗುವಾಗ ಮುಟ್ಟಿ ಹೇಳಿ ಹೋಗ್ತೀನಿ.”

“ಮುಟ್ಟದೇನೇ ಹೋದ್ರೆ?”

ಅವನು ಬೇರೆ ಮಾತು ತೆಗೆದ. ಎಡಿಟರಿಗೆ ಕೀಬೋರ್ಡಿನಷ್ಟು ಉದ್ದದ ಒಂದು ಪಟ್ಟಿ ಜೋಡಿಸಬಹುದಂತೆ. ಅದು ಮಾತಾಡುವ ಬದಲು ಬೆರಳಿನ ಕೆಳಗೆ ಬ್ರೈಲ್ ಚುಕ್ಕಿಗಳನ್ನು ಎಬ್ಬಿಸುತ್ತದಂತೆ. ಕಿವಿಯಿಲ್ಲದೆಯೂ ಓದಬಹುದು, ಬರೆಯಬಹುದು. ಆದರೆ ಹೊಸಬರಿಗೆ ಪಾಠ ಇಲ್ಲ.

“ಬ್ರೈಲ್ ಬಿಟ್ಟು ಎಷ್ಟೋ ವರ್ಷ ಆಯ್ತು,” ಎಂದೆ. “ಬೆರಳು ಮರೆತಿದೆ.”

“ಅದಕ್ಕೇ ಹೇಳಿದ್ದು. ಹೊಸಬರು ನೀವೇ. ಪಾಠ ನಾನು ಬರೀತೀನಿ, ನೀಲಿ ಗುರುತು ಇರಲ್ಲ.” ಉಸಿರು ಎಳೆದುಕೊಂಡ. “ಒಂದೇ ಕರಾರು. ಇನ್ಮೇಲೆ ಕೇಳಿಸದಿದ್ರೆ ಹ್ಞೂಂ ಅನ್ನಬಾರದು. ಕೇಳಿಸಲಿಲ್ಲ ಅನ್ನಬೇಕು.”

“ಆಯ್ತು.”

“ನಿನ್ನ ಬಿಟ್ಟು ನಂಗೆ ಇರೋಕಾಗಲ್ಲ,” ಎಂದ.

ನಿನ್ನ ಎಂದಿದ್ದ. ನೀವು ಹೋಗಿ ನೀನು ಬಂದಿತ್ತು. ಒಂದು ಅಕ್ಷರವೂ ಬೀಳದೆ ಪೂರ್ತಿಯಾಗಿ ಕೇಳಿಸಿತು.

“ಕೇಳಿಸಲಿಲ್ಲ,” ಎಂದೆ.

ಅವನು ನಂಬಿದ. ಹತ್ತಿರ ಸರಿದು ಇನ್ನೂ ನಿಧಾನವಾಗಿ ಹೇಳಿದ. ಅದನ್ನೂ ಒಳಗೆ ಎತ್ತಿಟ್ಟುಕೊಂಡೆ. ಇನ್ನೆಷ್ಟು ಸಲ ಸಿಗುತ್ತದೋ ಯಾರಿಗೆ ಗೊತ್ತು? ಇಂಥ ಕಡೆ ಇಷ್ಟೇ ಸಾಕೆನ್ನಲು ನನ್ನಿಂದಾಗಲಿಲ್ಲ.

“ಊಹೂಂ, ಕೇಳಿಸಲಿಲ್ಲ,” ಎಂದೆ. ಈ ಸಲ ನಗು ಬಂದುಬಿಟ್ಟಿತು.

ಅವನಿಗೆ ಗೊತ್ತಾಯಿತು. ಅವನೂ ನಕ್ಕ. ನಗುತ್ತಿದ್ದವನು ಯಾವಾಗ ಅಳತೊಡಗಿದನೋ ತಿಳಿಯಲಿಲ್ಲ. ಕೆನ್ನೆಯನ್ನು ನನ್ನ ಕಿವಿಗೆ ಒತ್ತಿದ, ಅದು ಒದ್ದೆಯಾಗಿತ್ತು. ಮೂರನೆಯ ಸಲ ಹೇಳಿದ. ದನಿ ಉಡುಗಿಹೋಗಿತ್ತು. ಬಿಸಿ ಉಸಿರು ಬಂತು, ತುಟಿ ಅಲುಗಿದ್ದು ತಾಗಿತು. ಮಾತು ಬರಲಿಲ್ಲ. ಕಾದೆ. ಬರಲೇ ಇಲ್ಲ.

ಹ್ಞೂಂ ಎನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು.

“ಕೇಳಿಸಲಿಲ್ಲ,” ಎಂದೆ.

ಈ ಸಲ ಅದು ನಿಜವೆಂದು ಅವನಿಗೂ ತಿಳಿಯಿತು. ಅವನು ದನಿ ಏರಿಸಲಿಲ್ಲ. ನನ್ನ ಕೈಯನ್ನು ಎತ್ತಿ ತನ್ನ ಗಂಟಲಿನ ಮೇಲೆ ಇಟ್ಟುಕೊಂಡು ಅದನ್ನೇ ಮತ್ತೆ ಹೇಳಿದ.